ಮರಗಸಿ ಗಾಡಿಯಲ್ಲಿ ಮೊದಲ ಜಾಗ ಹಗ್ಗಕ್ಕೆ

ಮುಂಗಾರಿಗೆ ಮೊದಲು ಮಲೆನಾಡಿನ ಕಾಫಿ ತೋಟಗಳಲ್ಲಿ ಮರಗಸಿ ಶುರುವಾಗುತ್ತದೆ. ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ಕೊಂಬೆ ಸವರಿ ನೆರಳನ್ನು ಹದಕ್ಕೆ ತರುವ ಕೆಲಸ ಇದು. ಅದಕ್ಕೆ ಹೊರಟ ಪಿಕಪ್ಪುಗಳ ಹಿಂಭಾಗವನ್ನು ಒಮ್ಮೆ ನೋಡಿ: ಏಣಿಯ ಮೇಲೆ ಗರಗಸ, ಗರಗಸದ ಕೆಳಗೆ ಹಗ್ಗ, ಹಗ್ಗಕ್ಕೆ ಒತ್ತಿಕೊಂಡು ಪೆಟ್ರೋಲ್ ಕ್ಯಾನು. ನಮ್ಮ ಗಾಡಿಯೂ ಹೀಗೇ ಇತ್ತು. ಒಂದು ಬೆಳಿಗ್ಗೆ ಘಾಟಿಯ ತಿರುವಿನಲ್ಲಿ ಕ್ಯಾನಿನ ಮುಚ್ಚಳ ಸಡಿಲಾಗಿ, ಆಯಿಲ್ ಬೆರೆಸಿದ ಪೆಟ್ರೋಲು ಗಾಡಿಯ ತಳದಲ್ಲೆಲ್ಲ ಹರಿದಿತ್ತು. ಮರದ ಬುಡದಲ್ಲಿ ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡ ಹುಡುಗ ಹಗ್ಗವನ್ನು ಮೂಗಿನ ಹತ್ತಿರ ಹಿಡಿದು, "ಅಣ್ಣಾ, ಇದು ಪೆಟ್ರೋಲ್ ವಾಸನೆ ಹೊಡೀತದೆ, ಹತ್ಲಾ?" ಎಂದು ಕೇಳಿದ. ಆ ಹಗ್ಗವನ್ನು ಅಲ್ಲೇ ತುಂಡು ತುಂಡು ಮಾಡಿದೆವು. ಅಂದಿನಿಂದ ಯಾರ ಗಾಡಿ ಸಜ್ಜು ಮಾಡಲು ಕೂತರೂ ನಾನು ಮೊದಲು ಹಗ್ಗಕ್ಕೆ ಜಾಗ ಗುರುತಿಸುತ್ತೇನೆ.

ಹಂತ 1: ಎಲ್ಲವನ್ನೂ ಕೆಳಗಿಳಿಸಿ

ಅಂಗಳದಲ್ಲಿ ಟಾರ್ಪಾಲು ಹಾಸಿ ಗಾಡಿಯಲ್ಲಿದ್ದದ್ದನ್ನೆಲ್ಲ ಅದರ ಮೇಲೆ ಸುರಿಯಿರಿ. ಮೂರು ರಾಶಿ ಮಾಡಿ. ಒಣಗಿರಬೇಕಾದದ್ದು: ಹಗ್ಗ, ಬೆಲ್ಟ್, ಹೆಲ್ಮೆಟ್, ಕೈಗವಸು. ಎಣ್ಣೆ ಸೋರುವಂಥದ್ದು: ಚೈನ್ ಗರಗಸ, ಪೆಟ್ರೋಲು, ಆಯಿಲ್. ಹರಿತವಾದದ್ದು: ಕತ್ತಿ, ಕೊಡಲಿ, ಕೈಗರಗಸ. ಈ ಮೂರು ರಾಶಿ ಗಾಡಿಯಲ್ಲಿ ಎಲ್ಲೂ ಒಂದಕ್ಕೊಂದು ತಾಗಬಾರದು. ಮುಂದಿನ ಕೆಲಸವೆಲ್ಲ ಇಷ್ಟಕ್ಕೇ.

ಹಂತ 2: ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ

ಪೆಟ್ಟಿಗೆ ಮಾಡಿಸುವ ಮೊದಲು ಗಾಡಿಯ ತಳದ ಮೇಲೇ ಸೀಮೆಸುಣ್ಣದಿಂದ ನಕ್ಷೆ ಬರೆಯಿರಿ. ಕ್ಯಾಬಿನ್ನಿನ ಬೆನ್ನಿಗೆ ಅಂಟಿದ ಎರಡು ಅಡಿ ಸಾಮಾನಿಗೆ, ಪೆಟ್ರೋಲಿಗೆ ಬಿಡುವ ಹಿಂದಿನ ಬಲಮೂಲೆಯೊಂದರ ಹೊರತು ಅದರ ಹಿಂದಿನದೆಲ್ಲ ಕೊಂಬೆ ತುಂಬಲು. ಭಾರ ಕೆಳಗೆ ಮತ್ತು ಮುಂದಕ್ಕೆ ಇದ್ದರೆ ತಿರುವಿನಲ್ಲಿ ಗಾಡಿ ವಾಲುವುದಿಲ್ಲ. ಮತ್ತೆ ಮತ್ತೆ ತೆಗೆಯುವ ಸಾಮಾನು ಎಡಬದಿಗೆ ಬರಲಿ. ನಮ್ಮಲ್ಲಿ ಗಾಡಿ ನಿಲ್ಲುವುದು ರಸ್ತೆಯ ಎಡಕ್ಕೆ; ಪೆಟ್ಟಿಗೆಯ ಬಾಗಿಲು ಬಲಕ್ಕಿದ್ದರೆ ಹುಡುಗರು ಓಡಾಡುವ ಬಸ್ಸು ಲಾರಿಗಳಿಗೆ ಬೆನ್ನು ಕೊಟ್ಟು ನಿಲ್ಲಬೇಕಾಗುತ್ತದೆ.

ಮುಚ್ಚಳ ಮೇಲಕ್ಕೆ ತೆರೆಯುವ ಪೆಟ್ಟಿಗೆ ಬೇಡ. ಅದರ ಮೇಲೆ ಒಂದು ಹೊರೆ ಸೊಪ್ಪು ಬಿದ್ದರೆ ಸಂಜೆಯವರೆಗೆ ತೆರೆಯಲಾಗುವುದಿಲ್ಲ. ಪಕ್ಕಕ್ಕೆ ತೆರೆಯುವ ಬಾಗಿಲು ಮಾಡಿಸಿ.

ಹಂತ 3: ಹಗ್ಗದ ಪೆಟ್ಟಿಗೆ

ಮುಂದಿನ ಎಡಮೂಲೆ ಹಗ್ಗದ್ದು. 18 ಮಿ.ಮೀ. ಮೆರೈನ್ ಪ್ಲೈವುಡ್ಡಿನ ಪೆಟ್ಟಿಗೆ ಸಾಕು. ತಳಕ್ಕೆ ಮರದ ಪಟ್ಟಿಗಳನ್ನು ಬೆರಳಗಲ ಸಂದು ಬಿಟ್ಟು ಹೊಡೆಯಿರಿ; ಒದ್ದೆ ಹಗ್ಗದ ನೀರು ಇಳಿದು ಗಾಳಿ ಆಡುತ್ತದೆ. ಒಳಗೆ ಎರಡು ಚೀಲ. ಮನುಷ್ಯ ಹತ್ತುವ ಹಗ್ಗಕ್ಕೆ ಒಂದು ಬಣ್ಣದ್ದು, ಕೊಂಬೆ ಇಳಿಸುವ ಹಗ್ಗಕ್ಕೆ ಇನ್ನೊಂದು ಬಣ್ಣದ್ದು. ಕೊಂಬೆಯ ಭಾರಕ್ಕೆ ಜಗ್ಗಿದ ಹಗ್ಗಕ್ಕೆ ಮನುಷ್ಯ ಜೋತುಬೀಳಬಾರದು. ಕತ್ತಲಾದ ಮೇಲೂ ಬಣ್ಣ ನೋಡಿಯೇ ಗೊತ್ತಾಗಬೇಕು.

ಹಗ್ಗವನ್ನು ಸುರುಳಿ ಸುತ್ತಿ ಎಸೆಯಬೇಡಿ. ಒಂದು ತುದಿಯನ್ನು ಚೀಲದ ಬಾಯಿಗೆ ಕಟ್ಟಿ, ಉಳಿದದ್ದನ್ನು ಮೊಳ ಮೊಳವಾಗಿ ಒಳಗೆ ತುರುಕುತ್ತಾ ಹೋಗಿ. ಹಾಗೆ ತುಂಬಿದ ಹಗ್ಗ ಎಳೆದಾಗ ಗಂಟು ಬೀಳದೆ ಬರುತ್ತದೆ. ಇನ್ನೊಂದು ಲಾಭವೂ ಇದೆ. ಇಡೀ ಹಗ್ಗ ಅಂಗೈಯಲ್ಲಿ ಹಾದು ಹೋಗುವುದರಿಂದ ಎಳೆ ಕಿತ್ತ ಜಾಗ, ಗಡುಸಾದ ಜಾಗ, ಎಣ್ಣೆಯ ಜಿಡ್ಡು ಕೈಗೇ ಸಿಗುತ್ತದೆ. ಕಣ್ಣಿಗೆ ತಪ್ಪಿದ್ದು ಬೆರಳಿಗೆ ತಪ್ಪುವುದಿಲ್ಲ.

ನೈಲಾನ್ ಹಗ್ಗಕ್ಕೆ ಬಿಸಿಲೂ ಆಗದು, ಆಸಿಡ್ಡೂ ಆಗದು. ಹಳೆ ಬ್ಯಾಟರಿಯನ್ನು ಈ ಪೆಟ್ಟಿಗೆಯ ಹತ್ತಿರವೂ ಸುಳಿಯಲು ಬಿಡಬೇಡಿ.

ಹಂತ 4: ಪೆಟ್ರೋಲಿಗೆ ಎದುರು ಮೂಲೆ

ಹಗ್ಗ ಮುಂದಿನ ಎಡಕ್ಕಿದ್ದರೆ ಪೆಟ್ರೋಲು ಹಿಂದಿನ ಬಲಕ್ಕೆ. ಗಾಡಿಯಲ್ಲಿ ಅವೆರಡರ ನಡುವೆ ಸಿಗಬಹುದಾದ ಅತಿ ಹೆಚ್ಚು ದೂರ ಅದೇ. ಕ್ಯಾನು ಕೂರುವಷ್ಟೇ ಅಗಲದ ತಗಡಿನ ಗೂಡು ಮಾಡಿಸಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಕೆಳಗೇ ತಂಗುತ್ತದೆ. ಆದ್ದರಿಂದ ಗೂಡಿನ ತಳದ ಅಂಚಿನಲ್ಲೂ ಮೇಲೂ ತೂತು ಬೇಕು. ಕ್ಯಾಬಿನ್ ಒಳಗೆ ಕ್ಯಾನು ಇಡುವ ಮಾತೇ ಬೇಡ.

ಚೈನ್ ಗರಗಸಕ್ಕೆ ಟೂ ಸ್ಟ್ರೋಕ್ ಆಯಿಲ್ ಬೆರೆತ ಪೆಟ್ರೋಲು ಬೇಕು. 50ಕ್ಕೆ 1ರ ಲೆಕ್ಕದ ಆಯಿಲ್ ಆದರೆ 5 ಲೀಟರಿಗೆ 100 ಮಿ.ಲೀ.; ನಿಮ್ಮ ಯಂತ್ರದ ಪುಸ್ತಕದಲ್ಲಿ ಬೇರೆ ಲೆಕ್ಕವಿದ್ದರೆ ಅದೇ ಸರಿ. ಬೆರೆಸಿದ ಕ್ಯಾನಿನ ಕತ್ತಿಗೆ ಕೆಂಪು ಬಟ್ಟೆ ಕಟ್ಟಿ. ಬರೀ ಪೆಟ್ರೋಲು ಹಾಕಿ ಓಡಿಸಿದರೆ ಪಿಸ್ಟನ್ ಹಿಡಿದುಕೊಂಡು ಯಂತ್ರವೇ ಹೋಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದು ಮಳೆಗಾಲದ ತೇವವನ್ನು ಎಳೆದುಕೊಳ್ಳುತ್ತದೆ. ಬೆರೆಸಿ ತಿಂಗಳಾದದ್ದನ್ನು ಬಳಸಬೇಡಿ. ಬಂಕಿನಲ್ಲಿ ಕ್ಯಾನನ್ನು ನೆಲಕ್ಕಿಳಿಸಿಯೇ ತುಂಬಿಸಿ. ಗಾಡಿಯ ಮೇಲಿಟ್ಟು ತುಂಬುವಾಗ ಸ್ಥಿರ ವಿದ್ಯುತ್ತಿನ ಕಿಡಿ ಹಾರುವ ಅಪಾಯವಿದೆ.

ಹಂತ 5: ಗರಗಸ, ಕತ್ತಿ, ದೋಟಿ

ಚೈನ್ ಗರಗಸ ನಿಂತಲ್ಲೇ ಬಾರ್ ಆಯಿಲ್ ಒಸರುತ್ತದೆ. ಮುಂದಿನ ಬಲಮೂಲೆಯಲ್ಲಿ ಅದಕ್ಕೊಂದು ಖಾನೆ ಮಾಡಿ, ತಳಕ್ಕೆ ತಗಡಿನ ತಟ್ಟೆ ಇಟ್ಟು ಮೇಲೆ ಮರದ ಹೊಟ್ಟು ಹರಡಿ; ವಾರಕ್ಕೊಮ್ಮೆ ಹೊಟ್ಟು ಬದಲಿಸಿದರಾಯಿತು. ಬಾರಿಗೆ ಕವಚ ಹಾಕದೆ ಗರಗಸ ಗಾಡಿ ಹತ್ತಬಾರದು. ದುಂಡು ಅರ, ಪ್ಲಗ್ ಸ್ಪ್ಯಾನರ್, ಬೆಣೆ, ಹೆಚ್ಚುವರಿ ಚೈನು ಅಲ್ಲೇ ಒಂದು ಡಬ್ಬಿಯಲ್ಲಿರಲಿ.

ಕತ್ತಿ ಕೊಡಲಿಗಳು ಹಲಗೆಯ ಸೀಳಿನಲ್ಲಿ ಅಲಗು ಕೆಳಗಾಗಿ ನಿಲ್ಲಲಿ. ಪ್ರತಿ ಸೀಳಿನ ಪಕ್ಕ ಆ ಸಾಮಾನಿನ ಆಕಾರವನ್ನು ಬಣ್ಣದಲ್ಲಿ ಬರೆಸಿ. ಬರೀ ಆಕಾರ ಕಂಡರೆ ಕತ್ತಿ ಇನ್ನೂ ತೋಟದಲ್ಲೇ ಬಿದ್ದಿದೆ ಎಂದರ್ಥ. ದೋಟಿಗೆ ನಾಲ್ಕಿಂಚಿನ ಪಿವಿಸಿ ಪೈಪು ಸಾಕು.

ಹಂತ 6: ಏಣಿ

ಏಣಿಯನ್ನು ಕ್ಯಾಬಿನ್ ಮೇಲಿನ ಕ್ಯಾರಿಯರಿಗೆ ಎರಡು ಕಡೆ ರಾಚೆಟ್ ಬೆಲ್ಟಿನಿಂದ ಬಿಗಿಯಿರಿ, ಹಿಂದಕ್ಕೆ ಚಾಚದ ಹಾಗೆ. ನಿಮ್ಮದು ಇನ್ನೂ ಅಲ್ಯುಮಿನಿಯಂ ಏಣಿಯಾದರೆ ದಯವಿಟ್ಟು ಫೈಬರಿನದಕ್ಕೆ ಬದಲಾಯಿಸಿ. ತೋಟದ ಮೇಲೆ ಹಾದ ಕರೆಂಟು ತಂತಿಗೆ ಅಲ್ಯುಮಿನಿಯಂ ಏಣಿ ತಾಗಿ ಕಾರ್ಮಿಕರು ಸತ್ತ ಸುದ್ದಿ ಮಲೆನಾಡು, ಕೊಡಗಿನಿಂದ ಬರುತ್ತಲೇ ಇದೆ. ಬೇರೆ ಯಾವ ಖರ್ಚನ್ನಾದರೂ ಮುಂದಕ್ಕೆ ಹಾಕಿ, ಇದನ್ನು ಬೇಡ. ಫೈಬರ್ ಏಣಿಯಾದರೂ ತಂತಿಯಿಂದ ದೂರವೇ ಇರಲಿ.

ಹಂತ 7: ಬೋಲ್ಟು ಮತ್ತು ಪರೀಕ್ಷೆ

ಪೆಟ್ಟಿಗೆಗಳನ್ನು ಬೆಸುಗೆ ಹಾಕಬೇಡಿ. ಅಗಲ ವಾಷರ್ ಕೊಟ್ಟು ಬೋಲ್ಟ್ ಮಾಡಿ. ತೂತು ಕೊರೆಯುವ ಮುನ್ನ ಗಾಡಿಯ ಅಡಿ ಮಲಗಿ ಟ್ಯಾಂಕು, ವೈರು, ಬ್ರೇಕ್ ಪೈಪು ಎಲ್ಲಿವೆ ನೋಡಿ. ಗಾಡಿಯ ಮೂಲ ರಚನೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಬಿಚ್ಚಿ ತೆಗೆಯಬಹುದಾದ ಪೆಟ್ಟಿಗೆ ಎಲ್ಲ ರೀತಿಯಿಂದಲೂ ಕ್ಷೇಮ. ಅನುಮಾನವಿದ್ದರೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ.

ಪ್ರಥಮ ಚಿಕಿತ್ಸೆಯ ಡಬ್ಬಿ ಮತ್ತು ಬೆಂಕಿ ಆರಿಸುವ ಸಿಲಿಂಡರು ಮಾತ್ರ ಬೀಗವಿಲ್ಲದೆ ಕ್ಯಾಬಿನ್ ಬಾಗಿಲ ಪಕ್ಕ ಇರಲಿ. ಆಮೇಲೆ ಹಳ್ಳ ದಿಣ್ಣೆಯ ತೋಟದ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು ಬಾಗಿಲು ತೆರೆಯಿರಿ. ಜಾಗ ಬಿಟ್ಟು ಕದಲಿದ್ದು ಯಾವುದೋ ಅದಕ್ಕೊಂದು ಪಟ್ಟಿ ಹೊಡೆಯಿರಿ.

ಉಳಿದ ಪೆಟ್ಟಿಗೆಗಳ ಕೀಲಿ ಚಾಲಕನ ಹತ್ತಿರವಿರಲಿ, ಮೇಸ್ತ್ರಿಯ ಹತ್ತಿರವಿರಲಿ. ಹಗ್ಗದ ಪೆಟ್ಟಿಗೆಯ ಕೀಲಿಯನ್ನು ಮಾತ್ರ ಮರ ಹತ್ತುವವನ ಕೈಗೇ ಕೊಡಿ.