ಹಂಚಿಕೆಯ ಸರ್ವರಿನಲ್ಲಿ ಜಾಲತಾಣಕ್ಕೆ ಭದ್ರತಾ ಪ್ರಮಾಣಪತ್ರ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರ ಅನೇಕ ಸಂಘ ಸಂಸ್ಥೆಗಳೂ ಸಣ್ಣ ವ್ಯಾಪಾರಿಗಳೂ ಇಂದು ತಮ್ಮದೇ ಜಾಲತಾಣಗಳನ್ನು ನಡೆಸುತ್ತಿದ್ದಾರೆ. ಸದಸ್ಯತ್ವದ ಅರ್ಜಿ, ಮನೆಯ ವಿಳಾಸ, ದೂರವಾಣಿ ಸಂಖ್ಯೆ, ಪಾಸ್‌ವರ್ಡ್ ಇವೆಲ್ಲವೂ ಅಂತಹ ತಾಣಗಳ ಮೂಲಕ ಹಾದುಹೋಗುತ್ತವೆ. ಸಂಪರ್ಕವು ಗೂಢಲಿಪಿಯಲ್ಲಿ ಇಲ್ಲದಿದ್ದಲ್ಲಿ, ಸಾರ್ವಜನಿಕ ವೈ-ಫೈ ಬಳಸುವ ಸದಸ್ಯರೊಬ್ಬರು ತುಂಬಿದ ಅರ್ಜಿಯನ್ನು ಅದೇ ಜಾಲದಲ್ಲಿರುವ ಅಪರಿಚಿತನು ಓದಬಹುದು, ದಾರಿಯಲ್ಲಿ ತಿದ್ದಲೂಬಹುದು. ಇದನ್ನು ತಡೆಯುವ ಸಾಧನವೇ ಎಸ್.ಎಸ್.ಎಲ್. ಪ್ರಮಾಣಪತ್ರ.

ಎಸ್.ಎಸ್.ಎಲ್. ವಿಧಾನವನ್ನು ನೆಟ್‌ಸ್ಕೇಪ್ ಸಂಸ್ಥೆಯು 1995ರಲ್ಲಿ ಬಳಕೆಗೆ ತಂದಿತು. 1999ರಲ್ಲಿ ಅದರ ಸ್ಥಾನಕ್ಕೆ ಟಿ.ಎಲ್.ಎಸ್. ಬಂದಿತು, ಎಸ್.ಎಸ್.ಎಲ್.ನ ಕೊನೆಯ ಆವೃತ್ತಿಯನ್ನೂ 2015ರಲ್ಲಿ ಕೈಬಿಡಲಾಯಿತು. ಆದರೂ ಹಳೆಯ ಹೆಸರು ಜನರ ಬಾಯಲ್ಲಿ ಉಳಿದುಕೊಂಡಿದೆ. ಇಂದು ಬಳಸಬೇಕಾದುದು ಟಿ.ಎಲ್.ಎಸ್. 1.2 ಅಥವಾ 2018ರಲ್ಲಿ ಪ್ರಕಟವಾದ 1.3ನೆಯ ಆವೃತ್ತಿ.

ಕಡಿಮೆ ವೆಚ್ಚದ ಸೇವೆಯಲ್ಲಿ ಒಂದೇ ಸರ್ವರಿನಲ್ಲಿ, ಒಂದೇ ಐಪಿ ವಿಳಾಸದಲ್ಲಿ, ನೂರಾರು ತಾಣಗಳು ವಾಸಿಸುತ್ತವೆ. ಇದನ್ನು ಮುಂಬಯಿಯ ಚಾಳಿಗೆ ಹೋಲಿಸಬಹುದು: ಬೀದಿಗೆ ಇರುವುದು ಒಂದೇ ಬಾಗಿಲು, ಒಳಗೆ ಹಲವು ಸಂಸಾರಗಳು. ಬ್ರೌಸರ್ ತನಗೆ ಬೇಕಾದ ತಾಣದ ಹೆಸರನ್ನು ಹೇಳುವುದು ಸಾಮಾನ್ಯವಾಗಿ ಸಂಭಾಷಣೆ ಆರಂಭವಾದ ಮೇಲೆ. ಆದರೆ ಗೂಢಲಿಪಿಯ ಸಂಪರ್ಕದಲ್ಲಿ ಸಂಭಾಷಣೆಗೆ ಮೊದಲೇ ಪ್ರಮಾಣಪತ್ರವನ್ನು ತೋರಿಸಬೇಕಾಗುತ್ತದೆ. ಯಾರ ಪತ್ರವನ್ನು ತೋರಿಸಬೇಕೆಂಬುದು ಬಾಗಿಲಿನವನಿಗೆ ತಿಳಿಯದು. ಈ ಕಾರಣದಿಂದಲೇ ಹಿಂದೆ ಪ್ರತಿಯೊಂದು ಸುರಕ್ಷಿತ ತಾಣಕ್ಕೂ ಪ್ರತ್ಯೇಕ ಐಪಿ ವಿಳಾಸವನ್ನು ಹಣ ತೆತ್ತು ಪಡೆಯಬೇಕಾಗಿತ್ತು. 2003ರಲ್ಲಿ ರೂಪಿಸಲಾದ ಎಸ್.ಎನ್.ಐ. ಎಂಬ ಸೇರ್ಪಡೆಯು ಮೊದಲ ಸಂದೇಶದಲ್ಲಿಯೇ ತಾಣದ ಹೆಸರನ್ನು ತಿಳಿಸುವ ಏರ್ಪಾಡು ಮಾಡಿ ಈ ತೊಡಕನ್ನು ನಿವಾರಿಸಿತು. ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಇದನ್ನು ಅರಿಯದಿದ್ದುದರಿಂದ ಅದು ವ್ಯಾಪಕವಾಗಲು ವರ್ಷಗಳೇ ಹಿಡಿದವು. ಇಂದು ಪ್ರತ್ಯೇಕ ಐಪಿ ಇಲ್ಲದೆ ಪ್ರಮಾಣಪತ್ರ ಅಸಾಧ್ಯವೆಂದು ಹೇಳಿ ಶುಲ್ಕ ಕೇಳುವವರ ಮಾತಿಗೆ ತಾಂತ್ರಿಕ ಆಧಾರವಿಲ್ಲ.

ಪ್ರಮಾಣಪತ್ರ ಪಡೆಯುವ ಕ್ರಮ ಸರಳವಾದುದು. ಸರ್ವರಿನಲ್ಲಿ ಒಂದು ಜೋಡಿ ಕೀಲಿಗಳು ಸಿದ್ಧವಾಗುತ್ತವೆ. ಖಾಸಗಿ ಕೀಲಿ ಸರ್ವರಿನಲ್ಲಿಯೇ ಉಳಿಯುತ್ತದೆ. ಬಹಿರಂಗ ಕೀಲಿಯನ್ನೂ ತಾಣದ ಹೆಸರನ್ನೂ ಒಳಗೊಂಡ ಕೋರಿಕೆ ಪತ್ರವು ಪ್ರಮಾಣೀಕರಣ ಸಂಸ್ಥೆಗೆ ಹೋಗುತ್ತದೆ. ಹೆಸರು ನಿಜವಾಗಿಯೂ ಅರ್ಜಿದಾರರ ಹತೋಟಿಯಲ್ಲಿದೆಯೆ ಎಂಬುದನ್ನು ಸಂಸ್ಥೆಯು ಪರೀಕ್ಷಿಸುತ್ತದೆ. ತಾಣದ ನಿರ್ದಿಷ್ಟ ಕಡತಕೋಶದಲ್ಲಿ ಸೂಚಿಸಿದ ಕಡತವನ್ನು ಇರಿಸುವುದು ಒಂದು ಬಗೆ, ಡಿ.ಎನ್.ಎಸ್. ದಾಖಲೆಯಲ್ಲಿ ಗೊತ್ತಾದ ಪಠ್ಯವನ್ನು ಸೇರಿಸುವುದು ಇನ್ನೊಂದು ಬಗೆ. ಒಂದು ಡೊಮೈನಿನ ಎಲ್ಲ ಉಪನಾಮಗಳಿಗೂ ಅನ್ವಯಿಸುವ ಪತ್ರ ಬೇಕಾದಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಈ ಎರಡನೆಯ ಬಗೆಯನ್ನೇ ಕೇಳುತ್ತದೆ. 2015ರ ಡಿಸೆಂಬರ್‌ನಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಈ ಲಾಭರಹಿತ ಸೇವೆಯಿಂದ ಪ್ರಮಾಣಪತ್ರವು ಉಚಿತವಾಗಿ ದೊರೆಯುವಂತಾಯಿತು. ಸಿಪ್ಯಾನೆಲ್ ಮುಂತಾದ ನಿಯಂತ್ರಣ ಫಲಕಗಳು ಈ ಎಲ್ಲ ಕೆಲಸವನ್ನು ತಾವಾಗಿಯೇ ಮಾಡಬಲ್ಲವು.

ಸರಳವೆಂದು ಹೇಳಿದರೂ ಕೆಲಸ ಕೆಡುವ ಸ್ಥಳಗಳು ಹಲವಿವೆ. ಡೊಮೈನಿನ ಐಪಿ ವಿಳಾಸ ಇನ್ನೂ ಹಳೆಯ ಸರ್ವರನ್ನೇ ತೋರಿಸುತ್ತಿದ್ದರೆ ಪರೀಕ್ಷೆ ವಿಫಲವಾಗುತ್ತದೆ. ವಿಶೇಷವಾಗಿ, ಐಪಿವಿ4 ದಾಖಲೆಯನ್ನು ಬದಲಿಸಿ ಐಪಿವಿ6 ದಾಖಲೆಯನ್ನು ಮರೆತಿರುವುದು ಕಣ್ಣಿಗೆ ಬೀಳದ ದೋಷ. ಡಬ್ಲ್ಯುಡಬ್ಲ್ಯುಡಬ್ಲ್ಯು ಸಹಿತವಾದ ಹೆಸರು ಮತ್ತು ಅದಿಲ್ಲದ ಹೆಸರು ಇವೆರಡೂ ಪತ್ರದಲ್ಲಿ ನಮೂದಾಗಿರಬೇಕು. ಒಂದು ಇದ್ದರೆ ಇನ್ನೊಂದು ತಾನಾಗಿ ಸೇರುವುದಿಲ್ಲ. ಕನ್ನಡ ಲಿಪಿಯ ಡೊಮೈನ್ ಹೊಂದಿದವರು ಪತ್ರದಲ್ಲಿ ಅಪರಿಚಿತ ರೋಮನ್ ಅಕ್ಷರಗಳ ಸಾಲನ್ನು ಕಂಡು ಗಾಬರಿಯಾಗಬೇಕಿಲ್ಲ, ಡಿ.ಎನ್.ಎಸ್. ವ್ಯವಸ್ಥೆಯು ಭಾರತೀಯ ಲಿಪಿಗಳ ಹೆಸರುಗಳನ್ನು ಆ ರೂಪದಲ್ಲಿಯೇ ಇರಿಸಿಕೊಳ್ಳುತ್ತದೆ. ಮಧ್ಯವರ್ತಿ ಪ್ರಮಾಣಪತ್ರವನ್ನು ಅಳವಡಿಸದೆ ಬಿಟ್ಟರೆ ಗಣಕಯಂತ್ರದಲ್ಲಿ ತಾಣ ತೆರೆದುಕೊಂಡು, ಕೆಲವು ಮೊಬೈಲ್‌ಗಳಲ್ಲಿ ಮಾತ್ರ ಎಚ್ಚರಿಕೆ ಕಾಣಿಸಬಹುದು. ಆದುದರಿಂದ ಒಂದೇ ಸಾಧನದಲ್ಲಿ ಪರೀಕ್ಷಿಸಿ ತೃಪ್ತರಾಗಬಾರದು.

ಅಳವಡಿಕೆಯ ಬಳಿಕ ಹಳೆಯ ಎಚ್.ಟಿ.ಟಿ.ಪಿ. ವಿಳಾಸಕ್ಕೆ ಬರುವವರನ್ನು ಸುರಕ್ಷಿತ ವಿಳಾಸಕ್ಕೆ ಕಳುಹಿಸುವ ಏರ್ಪಾಡು ಅಗತ್ಯ. ಪುಟದೊಳಗಿನ ಚಿತ್ರಗಳೂ ಸ್ಕ್ರಿಪ್ಟ್‌ಗಳೂ ಹಳೆಯ ವಿಳಾಸದಿಂದಲೇ ಬರುತ್ತಿದ್ದರೆ ಬ್ರೌಸರ್ ಅವುಗಳಲ್ಲಿ ಕೆಲವನ್ನು ತಡೆಯುತ್ತದೆ. ಹಣ ಪಾವತಿಯ ಗುಂಡಿ ಒತ್ತಿದರೂ ಏನೂ ಆಗದಿರುವುದಕ್ಕೆ ಇದು ಕಾರಣವಾಗಿರಬಹುದು. ಖಾಸಗಿ ಕೀಲಿಯನ್ನು ಇ-ಮೇಲ್‌ನಲ್ಲಿಯಾಗಲಿ ವಾಟ್ಸ್‌ಆ್ಯಪ್‌ನಲ್ಲಿಯಾಗಲಿ ಕಳುಹಿಸಬಾರದು. ಹಾಗೆ ಕಳುಹಿಸಿಯೇ ಬಿಟ್ಟಿದ್ದಲ್ಲಿ ಪತ್ರವನ್ನು ರದ್ದುಪಡಿಸಿ ಹೊಸ ಕೀಲಿಯೊಂದಿಗೆ ಮತ್ತೊಂದನ್ನು ಪಡೆಯುವುದು ಸೂಕ್ತ.

ಪ್ರಮಾಣಪತ್ರವು ಹೇಳುವುದೆಷ್ಟು, ಹೇಳದಿರುವುದೆಷ್ಟು ಎಂಬುದೂ ವಿಚಾರಾರ್ಹ. ಸಾಮಾನ್ಯ ಪತ್ರವು ಹೆಸರಿನ ಮೇಲಿನ ಹತೋಟಿಯನ್ನು ಮಾತ್ರ ದೃಢಪಡಿಸುತ್ತದೆ. ತಾಣದ ಒಡೆಯರ ಪ್ರಾಮಾಣಿಕತೆಯನ್ನಲ್ಲ. ಬ್ಯಾಂಕಿನ ಹೆಸರನ್ನು ಹೋಲುವ ಮೋಸದ ತಾಣವೂ ಅದನ್ನು ಪಡೆಯಬಲ್ಲದು. ಪತ್ರ ನೀಡುವವರಲ್ಲಿಯೂ ಲೋಪ ಸಂಭವಿಸಿದೆ. 2011ರಲ್ಲಿ ಡಿಜಿನೋಟಾರ್ ಎಂಬ ಡಚ್ ಸಂಸ್ಥೆಗೆ ನುಗ್ಗಿದವರು ನಕಲಿ ಪತ್ರಗಳನ್ನು ಸೃಷ್ಟಿಸಿದರು. ಆ ಸಂಸ್ಥೆ ಅದೇ ವರ್ಷ ದಿವಾಳಿಯಾಯಿತು. 2014ರ ಜುಲೈನಲ್ಲಿ ಭಾರತದ ಪ್ರಮಾಣೀಕರಣ ವ್ಯವಸ್ಥೆಯಿಂದಲೂ ಗೂಗಲ್‌ನ ಕೆಲವು ಹೆಸರುಗಳಿಗೆ ಅನಧಿಕೃತ ಪತ್ರಗಳು ಹೊರಬಿದ್ದುದು ಬೆಳಕಿಗೆ ಬಂದು, ಅವುಗಳನ್ನು ರದ್ದುಪಡಿಸಲಾಯಿತು. ನೀಡಲಾದ ಪತ್ರಗಳನ್ನು ಯಾರು ಬೇಕಾದರೂ ನೋಡಬಹುದಾದ ಬಹಿರಂಗ ದಿನಚರಿಗಳಲ್ಲಿ ದಾಖಲಿಸುವ ಪದ್ಧತಿಯು ಇಂತಹ ಅನುಭವಗಳಿಂದ ಬೆಳೆದುದು. ಸಂಘವೊಂದು ತನ್ನ ಹೆಸರಿನಲ್ಲಿ ಯಾರು ಪತ್ರ ಪಡೆದಿದ್ದಾರೆಂಬುದನ್ನು ಅಲ್ಲಿ ಹುಡುಕಿ ತಿಳಿಯಬಹುದು.

ನವೀಕರಣದ ವಿಷಯದಲ್ಲಿ ಇನ್ನು ಮುಂದೆ ಹೆಚ್ಚಿನ ಎಚ್ಚರ ಬೇಕು. ಪತ್ರದ ಗರಿಷ್ಠ ಅವಧಿಯನ್ನು 2020ರ ಸೆಪ್ಟೆಂಬರ್‌ನಿಂದ 398 ದಿನಗಳಿಗೆ ಇಳಿಸಲಾಗಿತ್ತು. 2025ರ ಏಪ್ರಿಲ್‌ನಲ್ಲಿ ಪ್ರಮಾಣೀಕರಣ ಸಂಸ್ಥೆಗಳು ಹಾಗೂ ಬ್ರೌಸರ್ ತಯಾರಕರ ವೇದಿಕೆಯು ಅದನ್ನು 2026ರ ಮಾರ್ಚ್ 15ರಿಂದ 200, 2027ರ ಮಾರ್ಚ್ 15ರಿಂದ 100, 2029ರ ಮಾರ್ಚ್ 15ರಿಂದ 47 ದಿನಗಳಿಗೆ ಇಳಿಸಲು ನಿರ್ಣಯಿಸಿತು. ವರ್ಷಕ್ಕೊಮ್ಮೆ ಕೈಯಿಂದ ಪತ್ರ ಬದಲಿಸುವ ಪದ್ಧತಿ ಇದರೊಂದಿಗೆ ಮುಗಿಯಿತು. ಸ್ವಯಂ ನವೀಕರಣ ಇಲ್ಲದ ಸೇವೆಯನ್ನು ಆರಿಸಿಕೊಳ್ಳುವುದು ವಿವೇಕವಲ್ಲ. ಅವಧಿ ಮುಗಿಯುವ ಮುನ್ನ ಲೆಟ್ಸ್ ಎನ್‌ಕ್ರಿಪ್ಟ್ ಕಳುಹಿಸುತ್ತಿದ್ದ ಇ-ಮೇಲ್ ಸೂಚನೆಯೂ 2025ರ ಜೂನ್‌ನಲ್ಲಿ ನಿಂತಿತು. ಸ್ವಯಂ ನವೀಕರಣ ನಡೆದಿದೆಯೆ ಎಂದು ತಿಂಗಳಿಗೊಮ್ಮೆ ಬ್ರೌಸರಿನಲ್ಲಿ ಪತ್ರದ ದಿನಾಂಕವನ್ನು ನೋಡಲು ಸಂಘದ ಒಬ್ಬರನ್ನು ನೇಮಿಸಿದರೆ ಸಾಕು.

ಸೇವಾ ಸಂಸ್ಥೆಯನ್ನು ಬದಲಿಸುವಾಗ ಒಂದು ಇಕ್ಕಟ್ಟು ಎದುರಾಗುತ್ತದೆ. ಡಿ.ಎನ್.ಎಸ್. ಹೊಸ ಸರ್ವರಿಗೆ ತಿರುಗುವವರೆಗೆ ಅಲ್ಲಿ ಕಡತದ ಮೂಲಕ ಪತ್ರ ಪಡೆಯಲಾಗದು. ಪತ್ರವಿಲ್ಲದೆ ತಿರುಗಿಸಿದರೆ ಬಂದವರಿಗೆ ಎಚ್ಚರಿಕೆಯ ಪುಟ ಕಾಣುತ್ತದೆ. ಡಿ.ಎನ್.ಎಸ್. ದಾಖಲೆಯ ಮೂಲಕ ಮುಂಚಿತವಾಗಿಯೇ ಪತ್ರ ಪಡೆದು ಹೊಸ ಸರ್ವರಿನಲ್ಲಿ ಅಳವಡಿಸಿ, ಆನಂತರ ವಿಳಾಸ ಬದಲಿಸಿದರೆ ಈ ಅಡಚಣೆ ಇರುವುದಿಲ್ಲ. ಹಳೆಯ ಸರ್ವರಿನಲ್ಲಿ ಉಳಿದ ಕೀಲಿಯನ್ನು ಅಳಿಸಿ, ಅಲ್ಲಿನ ಪತ್ರವನ್ನು ರದ್ದುಪಡಿಸುವ ಕೆಲಸವನ್ನು ಖಾತೆ ಮುಚ್ಚುವ ಮೊದಲೇ ಮುಗಿಸಬೇಕು.