ಹಳೆಯ ಹಟ್ಟಿಯನ್ನು ಬಿಚ್ಚುವಾಗ

ಪುತ್ತೂರು, ಸುಳ್ಯ, ಕಡಬಗಳ ಅಡಿಕೆ ತೋಟಗಳ ನಡುವೆ ಹಾದುಹೋಗುವವರಿಗೆ ಅಂಗಳದ ಅಂಚಿನಲ್ಲಿ ಬರಿದಾಗಿ ನಿಂತ ಹಟ್ಟಿಗಳು ಕಾಣಸಿಗುತ್ತವೆ. ಒಂದು ಕಾಲದಲ್ಲಿ ಹಟ್ಟಿಯಿಲ್ಲದೆ ತೋಟವೇ ಇರಲಿಲ್ಲ. ಕುಮ್ಕಿ ಕಾಡಿನಿಂದ ಹೊತ್ತು ತಂದ ಸೊಪ್ಪನ್ನು ದನಗಳ ಕಾಲಡಿಗೆ ಹಾಸುತ್ತಿದ್ದರು. ಅದು ಸೆಗಣಿ ಗಂಜಲಗಳೊಡನೆ ಬೆರೆತು ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರುತ್ತಿತ್ತು. ಅಟ್ಟದ ಮೇಲೆ ಬೈಹುಲ್ಲು ತುಂಬಿರುತ್ತಿತ್ತು. ಕ್ರಮೇಣ ಎಷ್ಟೋ ಗದ್ದೆಗಳು ತೋಟಗಳಾದವು; ಉಳುವ ಎತ್ತುಗಳೂ ಹುಲ್ಲೂ ಇಲ್ಲವಾದವು. ಹಟ್ಟಿ ಮಾತ್ರ ಉಳಿಯಿತು.

ಇಂಥ ಹಟ್ಟಿಯನ್ನು ತೆಗೆಸಲು ಯಜಮಾನನು ಗುತ್ತಿಗೆದಾರನನ್ನು ಕರೆಸುತ್ತಾನೆ. ಈ ಸೀಮೆಯ ಮಾತಿನಲ್ಲಿ ಅದು ‘ಕಂತ್ರಾಟು’. ಕೂಲಿ ಕೊಟ್ಟು ಸಾಮಗ್ರಿಯನ್ನು ತಾನೇ ಇಟ್ಟುಕೊಳ್ಳುವುದು ಒಂದು ಬಗೆ. ಸಾಮಗ್ರಿಯನ್ನು ಗುತ್ತಿಗೆದಾರನಿಗೇ ಬಿಟ್ಟು ಅವನಿಂದ ಹಣ ಪಡೆಯುವುದು ಇನ್ನೊಂದು ಬಗೆ. ಎರಡನೆಯದು ಸುಲಭವೆಂದು ತೋರುತ್ತದೆ. ಆದರೆ ಧೂಳು ಮೆತ್ತಿ ಕಪ್ಪಾದ ಕಂಬವು ಹಲಸಿನದೋ ಬೋಗಿಯದೋ ಎಂಬುದನ್ನು ಗುತ್ತಿಗೆದಾರನ ಕಣ್ಣು ಬಲ್ಲದು. ಯಜಮಾನನ ಕಣ್ಣಿಗೆ ಅದು ತಿಳಿಯದೆ ಹೋದರೆ ನಷ್ಟ ಅವನದೇ. ಕತ್ತಿಯಿಂದ ಒಂದೆಡೆ ಕೆತ್ತಿ ನೋಡಿದರೆ ಸಾಕು, ಹಲಸಿನ ಹಳದಿ ಬಣ್ಣ ಹೊರಗೆ ಕಾಣುತ್ತದೆ.

ಆದುದರಿಂದ ಬೆಲೆ ಮಾತಾಡುವ ಮೊದಲೇ ಮರ, ಹಂಚು, ಕಲ್ಲುಗಳ ಎಣಿಕೆಯಾಗಬೇಕು. ಯಾವುದು ಯಾರಿಗೆ, ಎಷ್ಟು ದಿನಗಳಲ್ಲಿ ಕೆಲಸ ಮುಗಿಯಬೇಕು, ಕೆಲಸಗಾರನಿಗೆ ಪೆಟ್ಟಾದರೆ ಯಾರು ಹೊಣೆ ಎಂಬುದನ್ನೆಲ್ಲ ಬರೆದು ಇಬ್ಬರೂ ರುಜು ಹಾಕಬೇಕು. ಪರಿಚಿತರ ನಡುವೆ ಬರೆಹವೇಕೆಂಬ ಸಂಕೋಚ ಸಹಜ; ಜಗಳಗಳು ಹುಟ್ಟುವುದೂ ಬಹಳಮಟ್ಟಿಗೆ ಪರಿಚಿತರ ನಡುವೆಯೇ.

ಕೆಲಸವು ಪತ್ತನಾಜೆಗೆ ಮೊದಲೇ ಮುಗಿಯಬೇಕು. ಮಳೆ ಹಿಡಿದರೆ ಮಾಡಿಲ್ಲದ ಮಣ್ಣಿನ ಗೋಡೆ ನಿಲ್ಲದು. ಬಿಚ್ಚುವ ಕ್ರಮವು ಕಟ್ಟಿದ ಕ್ರಮಕ್ಕೆ ತಿರುಗುಮುರುಗು. ಮೊದಲು ಹಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿನ ಮಾಡುಗಳಾದವು. ಮಾಡಿನ ತುದಿಯಿಂದ ತೊಡಗಿ ಎರಡೂ ಇಳಿಜಾರುಗಳ ಹಂಚನ್ನು ಸಮನಾಗಿ ಇಳಿಸಬೇಕು. ಒಂದೇ ಕಡೆ ತೆಗೆದರೆ ಉಳಿದ ಭಾರಕ್ಕೆ ಮಾಡು ವಾಲುವ ಭಯವುಂಟು. ಬಳಿಕ ರೀಪು, ಪಕ್ಕಾಸು, ಜಂತಿ, ಕೊನೆಗೆ ಗೋಡೆ. ಮರಗಳು ಮೇಲಿರುವಾಗಲೇ ಯಂತ್ರದಿಂದ ಗೋಡೆಯನ್ನು ದೂಡಿದರೆ ಕೆಲಸವೇನೋ ಬೇಗನೆ ಮುಗಿದೀತು. ಆದರೆ ಹಂಚು ಪುಡಿಯಾಗಿ, ಮರ ಸೀಳುತ್ತದೆ, ಕೆಳಗಿದ್ದವರ ಜೀವಕ್ಕೂ ಅಪಾಯ. ಮಣ್ಣಿನ ಗಾರೆಯಲ್ಲಿ ಕೂರಿಸಿದ ಮುರಕಲ್ಲು ಇಡಿಯಾಗಿ ಕೈಗೆ ಬರುತ್ತದೆ. ಸಿಮೆಂಟಿನಲ್ಲಿ ಕೂರಿಸಿದ ಕಲ್ಲಿಗೆ ಆ ಭಾಗ್ಯವಿಲ್ಲ.

ಕರಾವಳಿಯಲ್ಲಿ ಹಳೆಯ ಮನೆಗಳು ಮರದ ಆಸೆಗೆ ಉರುಳುತ್ತಿದ್ದುದನ್ನು ಕಂಡು ಮರುಗಿದವರು ವಿಜಯನಾಥ ಶೆಣೈ. ಬ್ಯಾಂಕಿನ ಉದ್ಯೋಗಿಯಾಗಿದ್ದ ಅವರು, 2017ರಲ್ಲಿ ತೀರಿಕೊಳ್ಳುವ ಮುನ್ನ, ಅಂಥ ಹಲವು ಮನೆಗಳನ್ನು ಬಿಚ್ಚಿಸಿ ತಂದು ಮಣಿಪಾಲದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಹಟ್ಟಿಗಳಿಗೆ ಅಂಥ ಗೌರವ ದೊರೆಯುವುದು ಅಪರೂಪ. ಆದರೂ ನಿಧಾನವಾಗಿ ಬಿಚ್ಚಿದ ಹಟ್ಟಿಯ ಹಲಸಿನ ಕಂಬವು ಹೊಸ ಮನೆಯ ಬಾಗಿಲಿಗೆ ದಾರಂದವಾಗುವುದುಂಟು. ಹಗ್ಗ ಉಜ್ಜಿ ಸವೆದ ಗುರುತು ಅದರ ಮೇಲೆ ಹಾಗೆಯೇ ಇರುತ್ತದೆ.