‘ಜಾತೋ’ ಮತ್ತು ‘ಜಾತೇ’: ಮಾತಿನಲ್ಲಿ ಗಂಡು ಹೆಣ್ಣು



ಊರು ಬಿಟ್ಟು ಮುಂಬಯಿಗೋ ಪುಣೆಗೋ ಬಂದ ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಮರಾಠಿಯನ್ನು ಮನೆಯ ಗಂಡಸರಿಂದಲೇ ಕಲಿಯುತ್ತಾರೆ. ಗಂಡ ‘ಮೀ ಜಾತೋ’ ಎನ್ನುವುದನ್ನು ಕೇಳಿ, ಹೆಂಡತಿಯೂ ಅಂಗಡಿಯಲ್ಲಿ ‘ಮೀ ಜಾತೋ’ ಎನ್ನುತ್ತಾಳೆ. ಕೇಳಿದವರು ನಗುತ್ತಾರೆ. ಮರುದಿನದಿಂದ ಆಕೆ ಬಾಯಿಯನ್ನೇ ತೆರೆಯುವುದಿಲ್ಲ. ಇದು ಆಕೆಯ ಬುದ್ಧಿಯ ದೋಷವಲ್ಲ. ಎರಡು ಭಾಷೆಗಳ ರೀತಿಯೇ ಬೇರೆ.

ಕನ್ನಡದಲ್ಲಿ ‘ಅವನು ಬಂದನು’, ‘ಅವಳು ಬಂದಳು’ ಎಂದು ಕ್ರಿಯಾಪದ ಬದಲಾಗುವುದು ಮೂರನೆಯವರ ವಿಷಯ ಹೇಳುವಾಗ ಮಾತ್ರ. ‘ನಾನು ಹೋಗುತ್ತೇನೆ’, ‘ನೀನು ಹೋಗುತ್ತೀ’ ಎಂಬಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಮರಾಠಿ ಹಿಂದಿಗಳಲ್ಲಿ ಹಾಗಲ್ಲ. ಕೆಳಗಿನವನ್ನು ಗಟ್ಟಿಯಾಗಿ ಓದಿ ರೂಢಿಮಾಡಿಕೊಳ್ಳಿರಿ:

ಗಂಡಸು ಆಡುವಾಗ: ಮೀ ಜಾತೋ, ಮೀ ಆಲೋ, ಹಿಂದಿಯಲ್ಲಿ, ಮೈ ಜಾತಾ ಹೂಂ.
ಹೆಂಗಸು ಆಡುವಾಗ: ಮೀ ಜಾತೇ, ಮೀ ಆಲೇ, ಹಿಂದಿಯಲ್ಲಿ, ಮೈ ಜಾತೀ ಹೂಂ.
ಹುಡುಗನಿಗೆ: ತೂ ಜಾತೋಸ್. ಹುಡುಗಿಗೆ: ತೂ ಜಾತೇಸ್.
ಇಬ್ಬರಿಗೂ ಸಲ್ಲುವವು: ಆಮ್ಹೀ ಜಾತೋ (ನಾವು ಹೋಗುತ್ತೇವೆ), ತುಮ್ಹೀ ಜಾತಾ (ನೀವು ಹೋಗುತ್ತೀರಿ).

ಕೊಲ್ಹಾಪುರದ ಕಡೆ ಮರಾಠಿ ಹೆಣ್ಣುಮಕ್ಕಳೇ ‘ಮೀ ಆಲೋ’ ಎನ್ನುವುದುಂಟು. ಆದುದರಿಂದ ನಗುವವರು ತುಸು ತಡೆಯುವುದು ಒಳ್ಳೆಯದು.

ಹಾಗಾದರೆ ನಮ್ಮ ಕನ್ನಡದ ಸಂಭಾಷಣೆಯಲ್ಲಿ ಈ ಭೇದವೇ ಇಲ್ಲವೇ? ಇದೆ, ಅದು ಬೇರೆ ಕಡೆ ಅಡಗಿದೆ. ಎಷ್ಟೋ ಮನೆಗಳಲ್ಲಿ ಹೆಂಡತಿ ಗಂಡನನ್ನು ‘ಏನೂಂದ್ರೆ’, ‘ರೀ’ ಎಂದು ಕರೆದು ‘ನೀವು’ ಎನ್ನುತ್ತಾಳೆ; ಹೆಸರು ಹೇಳದೆ ‘ನಮ್ಮನೆಯವರು ಬಂದರು’ ಎನ್ನುತ್ತಾಳೆ. ಗಂಡನಾದರೋ ‘ಏ’, ‘ಲೇ’ ಎಂದು ಕೂಗಿ ‘ನೀನು’ ಎನ್ನುತ್ತಾನೆ. ‘ನಮ್ಮವಳು ಬಂದಳು’ ಎನ್ನುತ್ತಾನೆ. ‘ನೀನು’, ‘ನೀವು’ ಎಂಬ ಮಾತುಗಳಿಗೆ ವ್ಯಾಕರಣದಲ್ಲಿ ಗಂಡು ಹೆಣ್ಣಿಲ್ಲ. ಅದನ್ನು ತಂದು ಕೂಡಿಸಿದ್ದು ನಮ್ಮ ರೂಢಿ. ವ್ಯಾಕರಣವನ್ನು ನಾವು ಬದಲಿಸಲಾರೆವು. ರೂಢಿ ನಮ್ಮ ಕೈಯಲ್ಲಿದೆ. ಇಂದು ಪರಸ್ಪರ ‘ನೀನು’ ಎನ್ನುವ ದಂಪತಿಗಳೂ, ಪರಸ್ಪರ ‘ನೀವು’ ಎನ್ನುವವರೂ ಇದ್ದಾರೆ.

ಮನೆಯಲ್ಲಿ ಮರಾಠಿ ಕಲಿಸುವ ಗಂಡಸರಲ್ಲಿ ಒಂದು ಬಿನ್ನಹ. ನೀವು ಆಡುವಂತೆಯೇ ಕಲಿಸಬೇಡಿರಿ. ‘ನಾನು ಜಾತೋ ಅನ್ನುತ್ತೇನೆ, ನೀನು ಜಾತೇ ಅನ್ನು’ ಎಂದು ಬಿಡಿಸಿ ಹೇಳಿರಿ. ನೆರೆಮನೆಯ ಮರಾಠಿ ತಾಯಂದಿರೊಡನೆ ಆಕೆ ನಾಲ್ಕು ಮಾತಾಡಲಿ. ಅವರಿಗಿಂತ ಒಳ್ಳೆಯ ಗುರುಗಳಿಲ್ಲ. ತಪ್ಪಿದರೆ ತಿದ್ದಿರಿ, ನಗಬೇಡಿರಿ. ಪರಊರಿನಲ್ಲಿ ಆಸ್ಪತ್ರೆಗೆ, ಮಕ್ಕಳ ಶಾಲೆಗೆ ಆಕೆ ಒಬ್ಬಳೇ ಹೋಗಬೇಕಾದ ದಿನ ಬಂದೇ ಬರುತ್ತದೆ. ಅಂದು ಆಕೆಗೆ ಬೇಕಾದುದು ಶುದ್ಧ ವ್ಯಾಕರಣಕ್ಕಿಂತ ಹೆಚ್ಚಾಗಿ ಮಾತಾಡುವ ಧೈರ್ಯ.